ಇಳಿಯದ ಕೈ

ಮಂಗಳವಾರ ನಾನು ಆಕೆಯನ್ನು ನೋಡಿದ್ದು ಆರು ನಿಮಿಷ. ಈ ಆರು ನನ್ನ ನೆನಪಿನ ಲೆಕ್ಕವಲ್ಲ. ನನ್ನ ನೆನಪು ಇಪ್ಪತ್ತು ನಿಮಿಷ ಎನ್ನುತ್ತದೆ. ತಾಳ್ಮೆಯಿಂದ ಕೂತಿದ್ದೆ, ಮೆತ್ತಗೆ ಕೇಳಿದೆ, ಅವಳ ಮುಂದೆ ನೀರಿನ ಲೋಟ ಸರಿಸಿದೆ ಎಂದೂ ಹೇಳುತ್ತದೆ. ಆದರೆ ನಮ್ಮ ನರ್ಸ್ ಟೋಕನ್ ಪುಸ್ತಕದಲ್ಲಿ ಪ್ರತಿಯೊಬ್ಬರೂ ಒಳಗೆ ಹೋದ ಸಮಯ, ಹೊರಗೆ ಬಂದ ಸಮಯ ಬರೆಯುತ್ತಾಳೆ. ಹನ್ನೊಂದು ನಲವತ್ತು, ಹನ್ನೊಂದು ನಲವತ್ತಾರು. ನೀರಿನ ಲೋಟದ ಬಗ್ಗೆ ಅವಳನ್ನೇ ಕೇಳಿದೆ. "ಲೋಟ ಎಲ್ಲಿಂದ ಬರ್ತದ್ರಿ ಮೇಡಂ, ಅವತ್ತ ಫಿಲ್ಟರ್ ಕೆಟ್ಟಿತ್ತಲ್ಲ" ಎಂದಳು. ಹೀಗಾಗಿ ಇಲ್ಲಿ ಕಾಗದ ಒಂದು ಹೇಳಿ ನನ್ನ ನೆನಪು ಇನ್ನೊಂದು ಹೇಳಿದಲ್ಲೆಲ್ಲ ಕಾಗದವನ್ನು ನಂಬಿ.

ನಾನು ಮನೋವೈದ್ಯೆ. ಒಂದು ಸೇವಾ ಸಂಸ್ಥೆಯ ಪರವಾಗಿ ಮಂಗಳವಾರ ಹುಮನಾಬಾದಿನಲ್ಲಿ, ಶುಕ್ರವಾರ ಬಸವಕಲ್ಯಾಣದಲ್ಲಿ ರೋಗಿಗಳನ್ನು ನೋಡುತ್ತೇನೆ. ಬಸವಕಲ್ಯಾಣದಲ್ಲಿ ಇರುವುದು ಬಾಡಿಗೆಯ ಒಂದು ದೊಡ್ಡ ಕೋಣೆ, ಟೇಬಲ್ಲು, ನಡುವೆ ಒಂದು ಪರದೆ. ಹುಮನಾಬಾದಿನದು ಸ್ವಲ್ಪ ಮೇಲು: ಎರಡು ಹಾಸಿಗೆ, ಒಂದು ಆಕ್ಸಿಜನ್ ಸಿಲಿಂಡರು, ಇಂಜೆಕ್ಷನ್ ಇಡಲು ಒಂದು ಪುಟ್ಟ ಫ್ರಿಜ್ಜು. ಎರಡೂ ಕಡೆ ಬೆಳಿಗ್ಗೆ ಒಂಬತ್ತಕ್ಕೆ ಐವತ್ತು ಅರವತ್ತು ಜನ ಕೂತಿರುತ್ತಾರೆ.

ಅದು ಶ್ರಾವಣ. ಆಕೆಗೆ ಇಪ್ಪತ್ತಾರು ವರ್ಷ. ಕರೆತಂದವರು ಅತ್ತೆ ಮತ್ತು ಗಂಡ. ಗಂಡನಿಗೆ ಮಾಣಿಕನಗರದಲ್ಲಿ ಪೂಜಾ ಸಾಮಾನಿನ ಅಂಗಡಿ, ಮನೆ ಹುಡಗಿ ಎಂಬ ಹಳ್ಳಿಗೆ ಹೋಗುವ ರಸ್ತೆಯಲ್ಲಿ. ಆಕೆ ರೇಷ್ಮೆ ಸೀರೆ ಉಟ್ಟಿದ್ದಳು. ಪಾದಕ್ಕೆ ಅರಿಶಿನ, ಹಣೆಗೆ ಅಂಗೈಯಷ್ಟು ಕುಂಕುಮ, ತಲೆ ತುಂಬ ಮಲ್ಲಿಗೆ. ಅತ್ತೆ ಮೊದಲು ಕೂತರು, ಆಮೇಲೆ ಸೊಸೆಯ ಭುಜ ಒತ್ತಿ ಕೂಡಿಸಿದರು.

"ಬ್ಯಾನಿ ಏನೂ ಇಲ್ರಿ ಮೇಡಂ" ಎಂದರು. "ನಮ್ಮ ಸೊಸಿ ಮೌನ ಹಿಡಿದಾಳ. ಶುಕ್ರವಾರದಿಂದ ಒಂದ ಮಾತಿಲ್ಲ. ಊಟ ಬಿಟ್ಟಾಳ, ಚಮಚೆಯೊಳಗ ಹಾಲ ಹಾಕಿದ್ರ ಜರಾ ನುಂಗ್ತಾಳ. ತಾಕತ್ತಿನ ಔಷಧ ಏನಾರಾ ಬರದ ಕೊಡ್ರಿ, ಸಾಕು. ಮೆಡಿಕಲ್ ಅಂಗಡಿಯಂವ ಇಲ್ಲೇ ತೋರಿಸ್ರಿ ಅಂದ, ಅದಕ ಬಂದೀವಿ."

ಈ ಕಡೆ ಮೌನ ಹಿಡಿಯುವುದು ಯಾರನ್ನೂ ಬೆಚ್ಚಿಬೀಳಿಸುವ ಸಂಗತಿಯಲ್ಲ. ಶ್ರಾವಣದಲ್ಲಿ ಸ್ವಾಮಿಗಳು ಮೌನ ಅನುಷ್ಠಾನಕ್ಕೆ ಕೂರುತ್ತಾರೆ, ಮನೆಯ ಹಿರಿಯರು ಸೋಮವಾರಕ್ಕೊಂದು ಮೌನ ಮಾಡುತ್ತಾರೆ. ನನ್ನ ಅಜ್ಜಿಯೂ ಮಾಡುತ್ತಿದ್ದಳು. ಆದರೆ ಅಜ್ಜಿ ಮೌನದಲ್ಲೂ ಕೈಸನ್ನೆಯಲ್ಲಿ ಇಡೀ ಮನೆಯನ್ನು ಕುಣಿಸುತ್ತಿದ್ದಳು. ಈ ವ್ಯತ್ಯಾಸ ನನಗೆ ಹೊಳೆಯಬೇಕಿತ್ತು.

ನಾನು ನನ್ನ ಪ್ರಶ್ನೆಗಳನ್ನು ಕೇಳಿದೆ. ನಿದ್ದೆ ಬರುತ್ತದಾ? ಯಾರೂ ಇಲ್ಲದಾಗ ದನಿ ಕೇಳಿಸುತ್ತದಾ? ಯಾರಾದರೂ ನಿಮಗೆ ಕೆಡುಕು ಮಾಡುತ್ತಿದ್ದಾರೆ ಅನಿಸುತ್ತದಾ? ಸಾಯಬೇಕು ಅನಿಸುತ್ತದಾ? ಒಂದೊಂದು ಪ್ರಶ್ನೆಯ ಹಿಂದೆ ಒಂದೊಂದು ಕಾಯಿಲೆ ಇದೆ. ದನಿ, ಕೆಡುಕು ಎಂದರೆ ಚಿತ್ತವಿಕಲತೆಯ ಕಡೆ ಹೋಗುತ್ತೇವೆ. ನಿದ್ದೆ, ಸಾವು ಎಂದರೆ ಖಿನ್ನತೆಯ ಕಡೆ. ಮೂರು ದಿನ ಮಲಗದೆಯೂ ದಣಿವಿಲ್ಲ ಎಂದರೆ ಉನ್ಮಾದದ ಕಡೆ. ಹೃದಯದವರಿಗೆ ಇಸಿಜಿ ಇದೆ, ಸಕ್ಕರೆಯವರಿಗೆ ರಕ್ತ ಇದೆ. ನಮಗೆ ಇರುವುದು ರೋಗಿಯ ಮಾತು. ಅದನ್ನೇ ತೂಗಿ ನೋಡಿ ಹೆಸರಿಡುತ್ತೇವೆ. ಮಾತೇ ಇಲ್ಲದವಳು ಬಂದು ಕೂತರೆ? ನಾಲ್ಕು ಪ್ರಶ್ನೆಗೂ ಆಕೆ ನನ್ನ ಟೇಬಲ್ಲಿನ ಮೂಲೆಯನ್ನೇ ನೋಡುತ್ತಿದ್ದಳು. ಕೊನೆಯ ಪ್ರಶ್ನೆಗೆ ತುಟಿ ಅಲುಗಿತೇ? ಈಗ ನನಗೆ ಅಲುಗಿದಂತೆ ಕಾಣುತ್ತದೆ. ಈಗ ಕಾಣುವುದಕ್ಕೆ ಬೆಲೆ ಇಲ್ಲ.

ಅತ್ತೆ ಮೊಬೈಲು ಮುಂದೆ ಚಾಚಿದರು. "ನೋಡ್ರಿ, ನಿನ್ನಿ ಸೋಮವಾರ ಓಣಿ ಹೆಣ್ಮಕ್ಕಳೆಲ್ಲ ಬಂದಿದ್ರು. ಹ್ಯಾಂಗ ಕುಂತಾಳ ನೋಡ್ರಿ, ಕಣ್ಣ ಪಿಳಕಸದಂಗ." ನಾನು ವಿಡಿಯೋ ಪೂರ್ತಿ ನೋಡಿದೆ ಎಂದೇ ಆಮೇಲೆ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ನರ್ಸ್ ಹೇಳುವುದು ಬೇರೆ. "ಗಂಟಿ ಬಾರಸೂದು ಕೇಳಿಸ್ತು, ನೀವು ಹೂಂ ಅಂದು ವಾಪಸ್ ಕೊಟ್ರಿ. ಅಷ್ಟ." ಗಂಟೆ ಬಾರಿಸುವುದು ವಿಡಿಯೋದ ಮೊದಲ ಐದಾರು ಸೆಕೆಂಡು.

ಫೈಲಿನಲ್ಲಿ, ಅವರ ಕೈಗೆ ಕೊಟ್ಟ ಚೀಟಿಯಲ್ಲೂ, ನನ್ನ ಅಕ್ಷರದಲ್ಲಿ ಹೀಗಿದೆ: "ಉಡುಪು ಅಚ್ಚುಕಟ್ಟು. ಸಂದರ್ಶನ ಸಾಧ್ಯವಾಗಲಿಲ್ಲ. ಸಹಕರಿಸುವುದಿಲ್ಲ. ಖಿನ್ನತೆ?" ಕೆಳಗೆ ಒಂದು ಮಾತ್ರೆ, ಒಂದು ವಾರ ಬಿಟ್ಟು ಬರಲು ಸೂಚನೆ.

ಈ ನಾಲ್ಕು ವಾಕ್ಯ ಓದಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಮನಸ್ಸಿನ ಪರೀಕ್ಷೆಯ ಹಾಳೆಯಲ್ಲಿ ಮೊದಲ ಸಾಲು ಮಾತಿನದ್ದಲ್ಲ. ಮೊದಲ ಸಾಲು ನೋಟ, ಎರಡನೆಯದು ನಡವಳಿಕೆ. ಮಾತು ಆಮೇಲೆ. ಇದನ್ನು ಹಾಗೆ ಜೋಡಿಸಿದ್ದಕ್ಕೆ ಕಾರಣವಿದೆ. ಬಾಯಿ ಬಿಡದವರನ್ನೂ ಕಣ್ಣಿಂದ ಪರೀಕ್ಷಿಸಬಹುದು. ನಾನು ನೋಟದ ಸಾಲಿನಲ್ಲಿ ಸೀರೆ ಬರೆದೆ. ಆ ಸೀರೆಯನ್ನು ಆಕೆ ಉಟ್ಟಿರಲಿಲ್ಲ, ಉಡಿಸಿದ್ದರು. ನಡವಳಿಕೆಯ ಸಾಲಿನಲ್ಲಿ ಸಹಕಾರವಿಲ್ಲ ಎಂದು ಬರೆದೆ. ಯಾರಿಗೆ ಸಹಕಾರ? ಹೊರಗೆ ಕಾಯುತ್ತಿದ್ದ ಅರವತ್ತು ಜನರನ್ನು ಊಟದ ಹೊತ್ತಿಗೆ ಮುಗಿಸಬೇಕೆಂದಿದ್ದ ನನಗೆ.

ಗುರುವಾರ ನಡೆದದ್ದನ್ನು ನಾನು ನೋಡಿಲ್ಲ. ಗಂಡ ಹೇಳಿದ್ದು, ಒಂದು ನರ್ಸಿಂಗ್ ಹೋಮಿನ ಡಿಸ್‌ಚಾರ್ಜ್ ಚೀಟಿ ಹೇಳಿದ್ದು, ಇವೆರಡನ್ನು ಸೇರಿಸಿ ಬರೆಯುತ್ತಿದ್ದೇನೆ. ಅದು ಯಾವ ಊರಿನದು ಎಂಬುದು ಬೇಡ. ನಾನು ಕೊಟ್ಟ ಮಾತ್ರೆ ಆಕೆಯ ದವಡೆಯಲ್ಲೇ ಕರಗುತ್ತಿತ್ತು. ಹಾಲು ಗಂಟಲಿಗೆ ಇಳಿಯದೆ ಕಟಬಾಯಿಂದ ಸೋರತೊಡಗಿತು. ಗಂಡ ಹೆದರಿ ಕರೆದುಕೊಂಡು ಹೋದ. ಅಲ್ಲಿನ ಡ್ಯೂಟಿ ಡಾಕ್ಟರು ಅಮೋನಿಯದ ಹತ್ತಿಯನ್ನು ಆಕೆಯ ಮೂಗಿಗೆ ಒತ್ತಿ ಹಿಡಿದರು. ಎದೆಯ ಮೂಳೆಯನ್ನು ಬೆರಳ ಗೆಣ್ಣಿನಿಂದ ತಿಕ್ಕಿದರು. ಕಣ್ಣಲ್ಲಿ ನೀರು ಬಂತು, ಆಕೆ ಅಲುಗಲಿಲ್ಲ. "ನೋಡ್ರಿ, ಕಣ್ಣಾಗ ನೀರ ಬರಾಕತ್ತಾವ, ಎಚ್ಚರ ಅದಾಳ. ಎಲ್ಲಾ ನಾಟಕ" ಎಂದರಂತೆ. ಚೀಟಿಯಲ್ಲಿ ಅದೇ ಮಾತು ಇಂಗ್ಲಿಷಿನಲ್ಲಿ "ಹಿಸ್ಟೀರಿಯಾ" ಎಂದಿದೆ. ಮಾತಾಡದ ಹೆಂಗಸಿಗೆಂದು ಈ ಪದವನ್ನು ಜೇಬಿನಲ್ಲೇ ಇಟ್ಟುಕೊಂಡು ತಿರುಗುವವರನ್ನು ನಾನು ಕಲಿಯುವ ಕಾಲದಿಂದ ನೋಡುತ್ತಿದ್ದೇನೆ. ಮೂಗಿಗೆ ಅಮೋನಿಯ ಹಿಡಿಯುವುದು ಪರೀಕ್ಷೆಯಲ್ಲ, ಶಿಕ್ಷೆ. ಚೀಟಿಯ ಕೊನೆಯ ಸಾಲಿನಲ್ಲಿ ಒಂದು ಇಂಜೆಕ್ಷನ್ ಇತ್ತು: ಹ್ಯಾಲೋಪೆರಿಡಾಲ್. ಕಿರುಚಾಡುವವರನ್ನು, ಭ್ರಮೆಯಲ್ಲಿ ಹೊಡೆಯಲು ಬರುವವರನ್ನು ತಣಿಸಲು ಕೊಡುವ ಔಷಧ. ಕಲ್ಲಿನಂತೆ ಕೂತವಳಿಗೆ ಅದನ್ನು ಯಾಕೆ ಕೊಟ್ಟರು ಎಂಬುದಕ್ಕೆ ಚೀಟಿಯಲ್ಲಿ ಉತ್ತರವಿಲ್ಲ.

ಶುಕ್ರವಾರ ನಾನು ಬಸವಕಲ್ಯಾಣದಲ್ಲಿದ್ದೆ. ಹತ್ತೂವರೆ ಇರಬಹುದು. ಪರದೆ ಸರಿಸಿ ಒಬ್ಬ ಹೆಂಗಸು ಟೋಕನ್ ಇಲ್ಲದೆ ಒಳಗೆ ಬಂದರು. ಕಚ್ಚೆ ಹಾಕಿ ಉಟ್ಟ ಸೀರೆ, ಕಾಲಿಗೆ ಗಂಡಸರ ಚಪ್ಪಲಿ. ನರ್ಸ್ ತಡೆಯಲು ಹೋದಳು.

"ಎಲ್ಲಾರೂ ನಂಬರ ಹಚ್ಯಾರಬೇ ಆಯಿ, ಹೊರಗ ಕುಂದ್ರು."

"ನನಗ ಬ್ಯಾನಿ ಇಲ್ಲವಾ. ನನ್ನ ಮಗಳಿಗಿ ಅದ. ಈ ಡಾಕ್ಟರಬಾಯಿನೇ ಮಂಗಳವಾರ ನೋಡ್ಯಾರ."

ಅವರು ಆಕೆಯ ತಾಯಿ. ಗೋರ್ಟಾ ದಾಟಿ ಒಂದು ಹಳ್ಳಿಯವರು, ಎರಡು ಎಮ್ಮೆ, ಹದಿನೈದು ಮೇಕೆ ಮೇಯಿಸುವವರು. ಮಗಳ ಮನೆಗೆ ಗುರುವಾರ ಸಂಜೆ ಹೋಗಿದ್ದರು, ಬೆಳಿಗ್ಗೆ ಅಲ್ಲಿಂದ ಹೊರಟು ಹೆದ್ದಾರಿಯಲ್ಲಿ ಸಿಕ್ಕ ಟೆಂಪೋ ಹಿಡಿದು ನನ್ನನ್ನು ಹುಡುಕಿಕೊಂಡು ಬಂದಿದ್ದರು. ನಾನು ಏನು ಹೇಳಿದೆ ಎಂಬುದು ನನಗೆ ಚೆನ್ನಾಗಿ ನೆನಪಿದೆ, ಇದನ್ನು ಯಾರೂ ಅಲ್ಲಗಳೆದಿಲ್ಲ: "ಮಗಳಿಗಿ ಕರಕೊಂಡ ಬರ್ರಿ. ನೋಡಲಾರದ ನಾ ಹ್ಯಾಂಗ ಹೇಳ್ಲಿ?"

"ನೋಡಿದಾಗರೆ ಏನ ಹೇಳಿರಿ?"

ಪರದೆಯ ಆಚೆ ಯಾರೋ ನಕ್ಕರು. ತಾಯಿ ನಗಲಿಲ್ಲ.

"ಡಾಕ್ಟರಬಾಯಿ, ನನ್ನ ಎಮ್ಮಿ ಒಂದ ದಿನ ಮೆಲಕ ಹಾಕೂದ ಬಿಟ್ರ ನಾ ದನದ ಡಾಕ್ಟರಿಗಿ ಕರೀತೀನಿ. ಎಮ್ಮಿ ಮೌನ ಹಿಡದದ ಅಂತ ಅದಕ ಕುಂಕುಮ ಹಚ್ಚಂಗಿಲ್ಲ. ನನ್ನ ಮಗಳು ಮೇಕಿ ಕೂಡನೂ ಜಗಳಾಡ್ತಿದ್ದಳು. ಹುಟ್ಟಿದಾಗಿಂದ ಬಾಯಿ ನಿಂತಿದ್ದಿಲ್ಲ. ಆಕಿ ಯಾವ ದೇವರಿಗಿ ಮೌನ ಹಿಡೀತಾಳ?" ಆಮೇಲೆ ದನಿ ತಗ್ಗಿಸಿ ಹೇಳಿದರು: "ಐದ ವಾರದ ಹಿಂದ ಬಸರ ಇಳದದ. ಮೂರ ತಿಂಗಳಿಂದು. ಅವರು ನಿಮಗ ಹೇಳಿರಲಿಕ್ಕಿಲ್ಲ."

ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಅತ್ತೆ ಬೇನೆ ಇಲ್ಲ ಎಂದರು, ನಾನು ಹೌದು ಎಂದು ಮುಂದಿನ ಸಾಲಿಗೆ ಹೋಗಿದ್ದೆ.

ತಾಯಿಯ ಮೊಬೈಲಿನಲ್ಲೂ ಅದೇ ವಿಡಿಯೋ ಇತ್ತು, ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಬಂದಿದ್ದು. ಈ ಸಲ ನಾನು ಪೂರ್ತಿ ನೋಡಿದೆ. ಇದಕ್ಕೆ ನರ್ಸ್ ಸಾಕ್ಷಿ. ಒಂದು ನಿಮಿಷ ಐವತ್ತು ಸೆಕೆಂಡು. ಗಂಟೆ. ಜಮಖಾನೆಯ ಮೇಲೆ ಆಕೆ. ಹೆಂಗಸರು ಒಬ್ಬೊಬ್ಬರಾಗಿ ಬಂದು ಕುಂಕುಮ ಹಚ್ಚುತ್ತಾರೆ, ಮಡಿಲಲ್ಲಿ ಅಂಗೈ ಮೇಲಾಗಿ ಇಟ್ಟ ಎಡಗೈಯಲ್ಲಿ ಹೂ ಇಡುತ್ತಾರೆ. ಒಬ್ಬ ಹೆಂಗಸು ತನ್ನ ಕೂಸನ್ನು ತಂದು ಮುಂದೆ ನಿಲ್ಲಿಸಿ, ಆಕೆಯ ಬಲಗೈಯನ್ನು ತಾನೇ ಎತ್ತಿ ಕೂಸಿನ ತಲೆಯ ಮೇಲೆ ಇಡುತ್ತಾಳೆ. ಕೂಸು ಅಳುತ್ತದೆ. ಹೆಂಗಸು ಅದನ್ನು ಎತ್ತಿಕೊಂಡು ಹೋಗುತ್ತಾಳೆ. ಕೂಸು ಹೋಯಿತು. ಕೈ ಅಲ್ಲೇ ಉಳಿಯಿತು. ಕೂಸಿನ ತಲೆ ಇದ್ದ ಎತ್ತರದಲ್ಲಿ, ಬೆರಳು ಸ್ವಲ್ಪ ಬಾಗಿ, ಗಾಳಿಯ ಮೇಲೆ. ಮುಂದಿನ ಹೆಂಗಸು ಬಂದಳು, ಆ ಕೈಯ ಕೆಳಗೆ ತನ್ನ ತಲೆ ತೂರಿಸಿದಳು. ವಿಡಿಯೋ ಮುಗಿಯುವವರೆಗೂ ಕೈ ಇಳಿಯಲಿಲ್ಲ.

ಇದಕ್ಕೆ ಕ್ಯಾಟಟೋನಿಯ ಎನ್ನುತ್ತಾರೆ. ಇದೇ ಒಂದು ಕಾಯಿಲೆಯ ಹೆಸರಲ್ಲ, ಒಂದು ಸ್ಥಿತಿ. ಖಿನ್ನತೆ ವಿಪರೀತಕ್ಕೆ ಹೋದಾಗ ಬರಬಹುದು, ಉನ್ಮಾದದಲ್ಲಿ ಬರಬಹುದು, ಚಿತ್ತವಿಕಲತೆಯಲ್ಲಿ, ಮೆದುಳಿನ ಸೋಂಕಿನಲ್ಲಿ, ರಕ್ತದ ಲವಣ ಏರುಪೇರಾದಾಗಲೂ ಬರಬಹುದು. ಮನಸ್ಸಿಗೂ ಮೈಗೂ ನಡುವೆ ಇರುವ ಹಗ್ಗ ತುಂಡಾದಂತೆ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ಹೋಲಿಕೆ ಚೆನ್ನಾಗಿದೆ, ಆದರೆ ತಪ್ಪು. ಅದು ಆಮೇಲೆ ಗೊತ್ತಾಯಿತು. ಗೊತ್ತಿದ್ದದ್ದು ಇಷ್ಟು: ಕೈ ಎತ್ತಿಟ್ಟರೆ ಎತ್ತಿಟ್ಟಲ್ಲೇ ನಿಲ್ಲುವುದು ಇದರ ಲಕ್ಷಣ. ಅನ್ನ ನೀರಿಲ್ಲದೆ ಇದು ಕೊಲ್ಲುತ್ತದೆ. ಇಂಥವರಿಗೆ ಹ್ಯಾಲೋಪೆರಿಡಾಲ್ ಕೊಟ್ಟರೆ ಮೈ ಇನ್ನೂ ಬಿಗಿದು, ಜ್ವರ ಏರಿ, ಸ್ನಾಯು ಕರಗಿ ಮೂತ್ರಪಿಂಡ ಕೆಡಬಹುದು.

"ಮೈ ಬಿಸಿ ಅದೇನ್ರಿ?" ಎಂದು ತಾಯಿಯನ್ನು ಕೇಳಿದೆ. ಅವರು ತಂದಿದ್ದ ನರ್ಸಿಂಗ್ ಹೋಮಿನ ಚೀಟಿಯನ್ನು ಆಗಲೇ ಓದಿದ್ದೆ.

"ಮುಂಜಾನಿ ಮುಟ್ಟಿ ನೋಡೀನಿ. ಕಾದದ. ನಿನ್ನಿಯಿಂದ ಒಂದಕ್ಕೂ ಹೋಗಿಲ್ಲ."

ಹೊರಗೆ ನಲವತ್ತೇಳು ಜನ. ಕೆಲವರು ಮಹಾರಾಷ್ಟ್ರದ ಗಡಿಯಾಚೆಯಿಂದ ಬಂದವರು, ತಿಂಗಳ ಮಾತ್ರೆ ಮುಗಿದವರು. ನಾನು ಎದ್ದು ನಿಂತೆ, ಕೂತೆ, ಮತ್ತೆ ಎದ್ದೆ. ಅವರನ್ನು ಬಿಟ್ಟು ಹೋಗಬಹುದೇ? ಬೀದರಿಗೋ ಕಲಬುರಗಿಗೋ ಒಯ್ಯಿರಿ ಎಂದು ಒಂದು ಚೀಟಿ ಬರೆದು ತಾಯಿಯ ಕೈಗಿಟ್ಟರೆ ನನ್ನ ಕೆಲಸ ಕಾನೂನಿನ ಪ್ರಕಾರ ಮುಗಿಯುತ್ತಿತ್ತು. ಆ ಚೀಟಿಯನ್ನು ಅತ್ತೆ ದೇವರ ಜಗುಲಿಯ ಮೇಲೆ ಇಟ್ಟು ಶ್ರಾವಣ ಮುಗಿಯಲಿ ಎನ್ನುತ್ತಿದ್ದರು. ಹಳೆಯ ರೋಗಿಗಳಿಗೆ ಮಾತ್ರೆ ಕೊಡಲು ನಮ್ಮ ಫಾರ್ಮಸಿಸ್ಟನನ್ನು ಕೂಡಿಸಿ, ಹೊಸಬರಿಗೆ ಸೋಮವಾರ ಬರುವುದಾಗಿ ಹೇಳಿ, ನರ್ಸನ್ನೂ ತಾಯಿಯನ್ನೂ ಕಾರಿನಲ್ಲಿ ಕೂಡಿಸಿಕೊಂಡು ಹುಮನಾಬಾದಿಗೆ ಹೊರಟೆ. ಹಿಂದೆ ಒಬ್ಬ ಮುದುಕ ಕೂಗಿದ: "ನಾವೇನ ಮನಷ್ಯಾರಲ್ಲೇನ್ರಿ?" ಅವನ ಸಿಟ್ಟು ಸರಿಯಾಗಿಯೇ ಇತ್ತು.

ಗಂಡನ ಮನೆಯ ಪಡಸಾಲೆಯಲ್ಲಿ ಏಳೆಂಟು ಹೆಂಗಸರು ಕೂತಿದ್ದರು. ಕೊಬ್ಬರಿ ಹೋಳಿನ ತಾಟು, ಊದಿನಕಡ್ಡಿ. ಆಕೆ ಅದೇ ಜಮಖಾನೆಯ ಮೇಲೆ, ಬೇರೆ ಸೀರೆಯಲ್ಲಿ. ತುಟಿ ಒಣಗಿ ಬಿರಿದಿತ್ತು. ಬಿರಿದ ತುಟಿಯ ಮೇಲೂ ಯಾರದೋ ಕುಂಕುಮ ಉದುರಿತ್ತು.

"ಬರ್ರಿ ಮೇಡಂ, ನೀವೂ ಬಂದ್ರಿ!" ಅತ್ತೆಯ ಮುಖದಲ್ಲಿ ನಿಜವಾದ ಸಂತೋಷ. ಇಷ್ಟು ವರ್ಷ ಆ ಮನೆಗೆ ಯಾರೂ ಹೀಗೆ ಬಂದವರಲ್ಲ ಎಂದು ಆಮೇಲೆ ತಿಳಿಯಿತು. ಆಗ ತಿಳಿದಿದ್ದರೂ ನನ್ನ ಸಿಟ್ಟು ಇಳಿಯುತ್ತಿರಲಿಲ್ಲ.

ನಾನು ಮಂಡಿಯೂರಿ ಕೂತು ನಾಡಿ ಹಿಡಿದೆ. ನೂರಾ ಹದಿನೆಂಟು. ಜ್ವರ ನೂರಾ ಒಂದು. ಮೊಣಕೈ ಮಡಿಸಲು ಹೋದರೆ ಒದ್ದೆ ಹಗ್ಗದಷ್ಟು ಬಿಗಿ. ಆಮೇಲೆ ಪರೀಕ್ಷೆಯ ನಿಯಮದಂತೆ ಹೇಳಿದೆ: "ನಾ ನಿಮ್ಮ ಕೈ ಮುಟ್ತೀನಿ. ನೀವು ಕೈ ಎತ್ತಬ್ಯಾಡ್ರಿ." ಹೇಳಿ, ಒಂದೇ ಬೆರಳಿನಿಂದ ಆಕೆಯ ಅಂಗೈಯನ್ನು ಕೆಳಗಿನಿಂದ ಮುಟ್ಟಿದೆ. ಕೈ ತಾನಾಗಿ ಮೇಲೆ ಬಂತು, ನನ್ನ ತಲೆಯ ಎತ್ತರಕ್ಕೆ. ಬೆರಳು ತೆಗೆದೆ. ಕೈ ನಿಂತಿತು.

ಅತ್ತೆ ಕೈ ಮುಗಿದರು. "ನೋಡ್ರಿ! ನಿಮಗೂ ಆಶೀರ್ವಾದ ಮಾಡಾಕತ್ತಾಳ."

ಹೆಂಗಸರು ಒಟ್ಟಿಗೆ ಹೂಂ ಎಂದರು. ನಾನು ಆಗ ಏನು ಕೂಗಿದೆ ಎಂಬುದರ ಬಗ್ಗೆ ಮೂರು ಹೇಳಿಕೆಗಳಿವೆ. ನರ್ಸ್ ಪ್ರಕಾರ, "ಎಲ್ಲಾರೂ ಎದ್ದ ಹೊರಗ ನಡೀರಿ." ಗಂಡನ ಪ್ರಕಾರ ನಾನು ಕೊಬ್ಬರಿ ತಾಟನ್ನು ಒದ್ದೆ. ನನ್ನ ಪ್ರಕಾರ ನಾನು ವೈದ್ಯಕೀಯ ಕಾರಣಗಳನ್ನು ವಿವರಿಸಿದೆ. ನನ್ನದನ್ನು ಬಿಟ್ಟು ಉಳಿದೆರಡರಲ್ಲಿ ಯಾವುದನ್ನಾದರೂ ನಂಬಬಹುದು.

ಕೈ ಇಳಿಸಿದವರು ತಾಯಿ. ನಾನಲ್ಲ. ನಾನು ಇನ್ನೂ ಗಡಿಯಾರ ನೋಡುತ್ತಿದ್ದೆ, ಎಷ್ಟು ಹೊತ್ತು ನಿಲ್ಲುತ್ತದೆ ಎಂದು. ತಾಯಿ ಬಂದು ಎರಡೂ ಕೈಯಲ್ಲಿ ಮಗಳ ಕೈ ಹಿಡಿದು, ಕರುವಿನ ಕಾಲು ಮಡಿಸುವಂತೆ ನಿಧಾನವಾಗಿ ಮಡಿಸಿ ಮಡಿಲಲ್ಲಿಟ್ಟು ತಿಕ್ಕತೊಡಗಿದರು.

"ಬೀಗತಿಯವ್ರ" ಎಂದರು ಅತ್ತೆಯ ಕಡೆ ನೋಡದೆ, "ನನ್ನ ಮಗಳು ಸತ್ತ ಮ್ಯಾಲ ದೇವರ ಮಾಡ್ರಿ. ಈಗ ನಮಗ ಒಯ್ಯಾಕ ಬಿಡ್ರಿ."

"ಸೊಸಿ ನಮ್ಮ ಮನಿದು. ಶ್ರಾವಣ ಮುಗೀತನಾ ಮುಟ್ಟಬಾರದು. ವ್ರತ ಮುರದ್ರ ಯಾರ ಜವಾಬ್ದಾರಿ?"

ಗಂಡ ಬಾಗಿಲ ಬಳಿ ನಿಂತಿದ್ದ. ಒಪ್ಪಿಗೆಯ ಕಾಗದಕ್ಕೆ ಅವನ ಸಹಿ ಬೇಕಿತ್ತು. ಅವನು ತನ್ನ ತಾಯಿಯ ಮುಖ ನೋಡಿದ, ನನ್ನ ಮುಖ ನೋಡಿದ.

"ಜವಾಬ್ದಾರಿ ಬರದ ಕೊಡ್ತೀನಿ" ಎಂದೆ. "ನಿನ್ನಿ ಚುಚ್ಚಿದ ಇಂಜೆಕ್ಷನ್ ಮೈಯಾಗ ಅದ. ಸಂಜಿತನಾ ಹಿಂಗ ಕುಂತ್ರ ಕಿಡ್ನಿ ಹೋಗ್ತಾವ. ಹೆಂಡ್ತಿ ಬೇಕೋ ಬ್ಯಾಡೋ, ಇಷ್ಟ ಹೇಳ್ರಿ."

ಇದು ವೈದ್ಯರು ಆಡಬೇಕಾದ ಮಾತಲ್ಲ. ಅವನು ಪೆನ್ನು ಕೇಳಿದ. ಒಂದರ ಕೆಳಗೊಂದು ಸಹಿ ಎರಡು ಸಲ ಮಾಡಿದ. ಅತ್ತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಕ್ಲಿನಿಕ್ಕಿನ ಫ್ರಿಜ್ಜಿನಲ್ಲಿ ಲೊರಾಜೆಪಾಂ ಇಂಜೆಕ್ಷನ್ ಮೂರು ಸೀಸೆ ಇರಬೇಕಿತ್ತು. ಇದ್ದವು. ಒಂದರ ಅವಧಿ ಮುಗಿದಿತ್ತು. ನರ್ಸ್ ಅದನ್ನು ಬೆಳಕಿಗೆ ಹಿಡಿದು ಮೂರು ಸಲ ಓದಿದಳು, ಓದಿದರೆ ತಾರೀಖು ಬದಲಾಗುತ್ತದೆ ಎಂಬಂತೆ. ಉಳಿದದ್ದು ಎರಡು, ಒಂದೊಂದು ಎರಡು ಮಿಲಿಗ್ರಾಂ. ಆಕೆಯ ಕೈನರ ನೀರಿಲ್ಲದೆ ಬತ್ತಿತ್ತು. ನರ್ಸ್ ಎರಡು ಕಡೆ ಚುಚ್ಚಿ ಸೋತಳು, ಮೂರನೆಯ ಸಲ ಮೊಣಕೈ ಬಳಿ ಸಿಕ್ಕಿತು. ಸಲೈನು ಹರಿಯಿತು. ರಕ್ತ ತೆಗೆದು ಗಂಡನ ಕೈಯಲ್ಲೇ ಲ್ಯಾಬಿಗೆ ಕಳಿಸಿದೆವು: ಲವಣ, ಮೂತ್ರಪಿಂಡ, ಥೈರಾಯ್ಡು, ಸ್ನಾಯು ಕರಗಿದ್ದನ್ನು ತೋರಿಸುವ ಪರೀಕ್ಷೆ. ಆಕ್ಸಿಜನ್ ಪಕ್ಕಕ್ಕೆ ಎಳೆದಿಟ್ಟೆ. ಈ ಔಷಧ ಉಸಿರನ್ನು ನಿಧಾನಿಸಬಹುದು. ಇಷ್ಟು ಸೊರಗಿದ ಮೈಗೆ ಇಂಥ ಸಣ್ಣ ಜಾಗದಲ್ಲಿ ಕೊಡುವುದು ಸರಿಯೇ? ಅಂಬುಲೆನ್ಸ್ ಬರಲು ಒಂದು ಗಂಟೆ ಎಂದಿದ್ದರು. ಕಾಯುತ್ತಾ ಕೂರಬೇಕೆ, ಕೊಟ್ಟು ಕಾಯಬೇಕೆ? ಕೊಟ್ಟೆ.

ಹನ್ನೆರಡು ಐವತ್ತಕ್ಕೆ ಮೊದಲ ಸೀಸೆ, ನೀರು ಬೆರೆಸಿ, ಎರಡು ನಿಮಿಷದಲ್ಲಿ ನಿಧಾನವಾಗಿ. ಒಂದು ಗಂಟೆಗೆ ಏನೂ ಇಲ್ಲ. ಒಂದು ಐದಕ್ಕೆ ಕಣ್ಣು ನರ್ಸಿನ ಕಡೆ ಹೊರಳಿತು. ಅದನ್ನು ನಾನು ಬರೆದೆ, ಆಮೇಲೆ ಅನುಮಾನ ಬಂದು ಪ್ರಶ್ನೆಯ ಚಿಹ್ನೆ ಹಾಕಿದೆ. ಒಂದು ಇಪ್ಪತ್ತಕ್ಕೆ ಎರಡನೆಯ ಸೀಸೆ. ತಾಯಿ ಕಾಲ ಬಳಿ ಕೂತು ಪಾದದ ಅರಿಶಿನವನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು. ಒಂದು ಮೂವತ್ತೆಂಟಕ್ಕೆ ಮೊಣಕೈ ಸಡಿಲವಾಯಿತು. ಒಂದು ನಲವತ್ತನಾಲ್ಕು ಎಂದು ಹಾಳೆಯಲ್ಲಿದೆ.

"ಅವ್ವಾ."

ಎಂಟು ದಿನ ಬಳಸದ ಗಂಟಲು. ತಾಯಿ ಬಟ್ಟೆ ಕೈಬಿಟ್ಟರು.

"ಅವ್ವಾ, ಕೈ ಸೋತಾವ."

ತಾಯಿ ಅಳಲಿಲ್ಲ. "ಸೋಲಲಾರದ ಏನ ಮಾಡ್ತಾವ? ಇಡೀ ಊರಿಗಿ ಆಶೀರ್ವಾದ ಮಾಡಿದಿ" ಎಂದರು. ನರ್ಸ್ ಅತ್ತಳು. ನಾನು ಹಾಳೆ ತುಂಬಿದೆ.

ಅಂಬುಲೆನ್ಸ್ ಎರಡೂಕಾಲು ಗಂಟೆಗೆ ಬಂತು. ದೊಡ್ಡ ಆಸ್ಪತ್ರೆಯಲ್ಲಿ ಹತ್ತು ದಿನ ಇಟ್ಟುಕೊಂಡರು. ಸ್ನಾಯುವಿನ ಪರೀಕ್ಷೆ ಹೆದರಿಸುವಷ್ಟು ಏರಿತ್ತು, ಆಮೇಲೆ ಇಳಿಯಿತು. ಲವಣ, ಥೈರಾಯ್ಡು, ಮೆದುಳಿನ ಸ್ಕ್ಯಾನು ಎಲ್ಲ ಸರಿ. ಅಡಿಯಲ್ಲಿ ಇದ್ದದ್ದು ತೀವ್ರ ಖಿನ್ನತೆ ಎಂದು ಹೇಳಲು ಆಕೆ ಮಾತಾಡತೊಡಗಿದ ಮೇಲೂ ಒಂದು ವಾರ ಹಿಡಿಯಿತು. ಅಂದರೆ ನನ್ನ ಮಂಗಳವಾರದ "ಖಿನ್ನತೆ?" ಸರಿಯೇ ಆಗಿತ್ತು. ಈ ಮಾತನ್ನು ಸಮಾಧಾನವಾಗಿ ಹೇಳಿದ ಸಹೋದ್ಯೋಗಿಯ ಜೊತೆ ನಾನು ಈಗಲೂ ಸರಿಯಾಗಿ ಮಾತಾಡುತ್ತಿಲ್ಲ. ಸರಿಯಾದ ಹೆಸರು ಬರೆದು ಮನೆಗೆ ಕಳಿಸಿದ್ದೆ, ಸಾಯಲು.

ನರ್ಸಿಂಗ್ ಹೋಮಿನ ಡಾಕ್ಟರಿಗೆ ಫೋನು ಮಾಡಿದೆ. ಬೈಯಲೆಂದೇ ಮಾಡಿದ್ದು. ಅಮೋನಿಯದ ಮಾತು ಎತ್ತಿದ ತಕ್ಷಣ ಆತ ತಣ್ಣಗೆ ಹೇಳಿದ: "ಮೇಡಂ, ನಾನು ಕ್ಯಾಜುಯಲ್ಟಿಯಲ್ಲಿ ಎಲ್ಲ ನೋಡುವವನು. ನೀವು ಸ್ಪೆಷಲಿಸ್ಟು. ನಿಮ್ಮ ಚೀಟಿಯಲ್ಲಿ ಸಹಕರಿಸುವುದಿಲ್ಲ ಅಂತ ಇತ್ತು. ಅದನ್ನು ಓದಿಯೇ ನಾನು ನಾಟಕ ಅಂದುಕೊಂಡೆ." ಫೋನು ಇಟ್ಟೆ. ಆತ ಮಾಡಿದ್ದು ಕ್ರೌರ್ಯ, ಇದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಆ ಕ್ರೌರ್ಯಕ್ಕೆ ಲಿಖಿತ ಅನುಮತಿ ನನ್ನ ಅಕ್ಷರದಲ್ಲಿತ್ತು.

ಅತ್ತೆ ಓಣಿಯಲ್ಲಿ ಸೊಸೆ ಮೌನ ಮುಗಿಸಿದಳು ಎಂದು ಹೇಳಿದರಂತೆ. ಮಂಗಳ ಮಾಡಿ ಹೋಳಿಗೆ ಹಂಚಿದರಂತೆ.

ಆಸ್ಪತ್ರೆಯಿಂದ ಬಿಟ್ಟ ಮೇಲೆ ಆಕೆ ತವರಿನಲ್ಲಿದ್ದಳು. ಅಲ್ಲಿಂದ ಬಸವಕಲ್ಯಾಣವೇ ಹತ್ತಿರ, ಹಾಗಾಗಿ ಒಂದು ಶುಕ್ರವಾರ ತಾಯಿಯ ಜೊತೆ ಬಂದಳು. ಹತ್ತಿ ಸೀರೆ, ಹಣೆಗೆ ಸಣ್ಣದೊಂದು ಬೊಟ್ಟು. ತಾಯಿಯನ್ನು ಪರದೆಯ ಆಚೆ ಕೂಡಿಸಿ ಒಬ್ಬಳೇ ಕೂತಳು. ನಾನು ಬಾಯಿ ತೆರೆಯುವ ಮೊದಲೇ ಹೇಳಿದಳು:

"ಮೇಡಂ, ಆಗ ನನಗ ಎಲ್ಲಾ ಕೇಳಸ್ತಿತ್ತು. ಮನ್ಯಾಗ ಮಂದಿ ಅಂದದ್ದು, ಆ ಡಾಕ್ಟರ ನಾಟಕ ಅಂದದ್ದು, ಎಲ್ಲಾ. ನೀವು ನಾಕ ಮಾತ ಕೇಳಿದ್ರಿ."

ಹಗ್ಗ ತುಂಡಾಗಿರಲಿಲ್ಲ. ಮನಸ್ಸು ಪೂರ್ತಿ ಎಚ್ಚರವಾಗಿ ಆ ಮೈಯೊಳಗೆ ಕೂತಿತ್ತು.

"ಕಡೀದು ಸಾಯಬೇಕು ಅನಸ್ತದೇನು ಅಂತ ಕೇಳಿದ್ರಿ. ನಾ ಹೇಳಾಕತ್ತಿದ್ದೆ. ಭಾಳ ದೂರಿಂದ ಬರ್ತಿತ್ತು ಮಾತು. ತುಟಿತನಾ ಬಂದಿತ್ತು. ನೀವು ಹಾಳಿ ತಿರುವಿದ್ರಿ. ಆ ಸಪ್ಪಳ ಕೇಳಿ, ಮುಗೀತು ಅಂತ ಬಿಟ್ಟೆ."

"ಏನ ಹೇಳಾಕತ್ತಿದ್ರಿ?"

"ಹೌದು ಅಂತ."

ಟೇಬಲ್ಲಿನ ಮೇಲೆ ಹುಮನಾಬಾದಿನಿಂದ ತರಿಸಿದ್ದ ಅದೇ ಫೈಲು. ಬರೆದದ್ದನ್ನು ಅಳಿಸುವಂತಿಲ್ಲ. ಒಂದೇ ಗೆರೆ ಎಳೆದು, ಹಳೆಯದು ಓದಲು ಬರುವಂತೆ ಉಳಿಸಿ, ಪಕ್ಕದಲ್ಲಿ ಸಹಿ ಹಾಕಬೇಕು. "ಸಹಕರಿಸುವುದಿಲ್ಲ" ಎಂಬುದರ ಮೇಲೆ ಗೆರೆ ಎಳೆದು "ಕಾಯಲಿಲ್ಲ" ಎಂದು ಬರೆದೆ, ಆಕೆಯ ಎದುರೇ. ಆಕೆ ಅದನ್ನು ಓದಿದಳು. ಕ್ಷಮೆ ಕೇಳಿದೆನೇ ಎಂಬುದು ನನಗೆ ನೆನಪಿಲ್ಲ. ಕೇಳಿದೆ ಎಂದು ಬರೆಯಲು ಕೈ ಹೋಗುತ್ತಿದೆ, ತಡೆಯುತ್ತಿದ್ದೇನೆ.

ಪೆನ್ನು ಮುಚ್ಚಿ ದೂರ ಇಟ್ಟೆ. "ಈಗ?" ಎಂದು ಕೇಳಿದೆ. "ಈಗ ಅನಸ್ತದೇನು?"

ಆಕೆ ಟೇಬಲ್ಲಿನ ಮೂಲೆ ನೋಡಿದಳು. ಒಂದು ನಿಮಿಷ. ಹೊರಗೆ ಬೆಂಚು ಎಳೆದಾಡುವ ಸದ್ದು, ಯಾರದೋ ಕೆಮ್ಮು. ಎರಡು ನಿಮಿಷ. ನರ್ಸ್ ಪರದೆಯ ಸಂದಿಯಿಂದ ಮುಖ ತೂರಿಸಿದಳು.

"ಮೇಡಂ, ಹೊರಗ ಮಂದಿ ಬೈಯಾಕತ್ತಾರ್ರಿ."

"ಬೈಲಿ."

ಪರದೆ ಮುಚ್ಚಿತು. ಆಕೆ ಅಂಗೈಗಳನ್ನು ಒಂದಕ್ಕೊಂದು ತಿಕ್ಕಿಕೊಂಡಳು, ಚಳಿಯಲ್ಲಿ ತಿಕ್ಕುವಂತೆ.

"ದಿನಾ ಇಲ್ರಿ ಈಗ" ಎಂದಳು. ನಾನು ಕಾದೆ.

"ನಿನ್ನಿ ಅನಿಸಿಲ್ಲ."